ಅಪ್ಪ-ಅಮ್ಮ ಇಬ್ಬರಿಗೂ ಬಿಪಿ ಇದ್ದರೆ ಮಕ್ಕಳಿಗೂ ಬಂದೇ ಬರುತ್ತಾ?

ಅಪ್ಪ-ಅಮ್ಮ ಇಬ್ಬರಿಗೂ ಬಿಪಿ ಇದೆ, ನನಗೆ 31, ಜೀನ್ ಟೆಸ್ಟ್ ಮಾಡಿಸಿದರೆ ಮೊದಲೇ ಗೊತ್ತಾಗುತ್ತಾ ಅಂತ ಕೇಳಿದ್ದೀರಿ. ನಮ್ಮ ಮನೆಯಲ್ಲೂ ಇದೇ ಕಥೆ. ಅಪ್ಪ-ಅಮ್ಮ ಇಬ್ಬರಿಗೂ ಬಿಪಿ. ಅಕ್ಕನಿಗೆ 38ಕ್ಕೇ ಮಾತ್ರೆ ಶುರುವಾಯಿತು. ನನಗೀಗ 44, ಇನ್ನೂ ಬಂದಿಲ್ಲ. ಒಂದೇ ತಂದೆ-ತಾಯಿಯ ಮಕ್ಕಳಲ್ಲಿ ಇಷ್ಟು ವ್ಯತ್ಯಾಸ ಯಾಕೆ ಅಂತ ಹುಡುಕುತ್ತಾ ಹೋಗಿ ನಾನು ಇದನ್ನೆಲ್ಲ ಓದಿಕೊಂಡೆ.

1950ರ ದಶಕದಲ್ಲಿ ಬ್ರಿಟನ್ನಿನ ಇಬ್ಬರು ವೈದ್ಯರ ನಡುವೆ ಇದರ ಬಗ್ಗೆ ದೊಡ್ಡ ವಾದವೇ ನಡೆದಿತ್ತು. ಬಿಪಿಗೆ ಕಾರಣ ಒಂದೇ ಜೀನ್, ಅದು ಇದ್ದವರಿಗೆ ಕಾಯಿಲೆ ಅಂದರು ರಾಬರ್ಟ್ ಪ್ಲಾಟ್. ಹಾಗಲ್ಲ, ಬಿಪಿ ಮನುಷ್ಯರ ಎತ್ತರ ಇದ್ದ ಹಾಗೆ, ಎಲ್ಲರಿಗೂ ಸ್ವಲ್ಪ ಹೆಚ್ಚು-ಕಡಿಮೆ ಇರುತ್ತದೆ, ಕಾಯಿಲೆ ಅಂತ ನಡುವೆ ಗೆರೆ ಎಳೆಯುವವರು ನಾವು ಅಂದರು ಜಾರ್ಜ್ ಪಿಕರಿಂಗ್. ಪಿಕರಿಂಗ್ ಹೇಳಿದ್ದೇ ನಿಜವಾಯಿತು. 2018ರಲ್ಲಿ ಹತ್ತು ಲಕ್ಷಕ್ಕೂ ಜಾಸ್ತಿ ಜನರ ಡಿಎನ್‌ಎ ನೋಡಿದಾಗ ಬಿಪಿಗೆ ಸಂಬಂಧಿಸಿದ 900ಕ್ಕೂ ಹೆಚ್ಚು ಜಾಗಗಳು ಲೆಕ್ಕಕ್ಕೆ ಸಿಕ್ಕವು. ಅವುಗಳಲ್ಲಿ ಹೆಚ್ಚಿನವು ಒಂದೊಂದಾಗಿ ಒಂದು ಮಿಲಿಮೀಟರ್‌ನಷ್ಟೂ ಬಿಪಿ ಏರಿಸುವುದಿಲ್ಲ (ಬಿಪಿ ಅಳೆಯುವುದು ಪಾದರಸದ ಮಿಲಿಮೀಟರ್ ಲೆಕ್ಕದಲ್ಲಿ). ಮಕ್ಕಳಿಗೆ ಅಪ್ಪನಿಂದ ಅರ್ಧ, ಅಮ್ಮನಿಂದ ಅರ್ಧ ಬರುತ್ತದೆ. ಆದರೆ ಯಾವ ಅರ್ಧ ಅನ್ನೋದು ಪ್ರತಿ ಮಗುವಿಗೂ ಬೇರೆ. ಅಕ್ಕನಿಗೂ ನನಗೂ ಹಂಚಿದ ಇಸ್ಪೀಟ್ ಎಲೆಗಳು ಒಂದೇ ಅಲ್ಲ.

ಬಿಪಿಯಲ್ಲಿ ವಂಶದ ಪಾಲು ಶೇ 30ರಿಂದ 50 ಅಂತ ನೀವು ಓದಿರಬಹುದು. ನಿಮಗೆ ಬರುವ ಸಾಧ್ಯತೆ ಅಷ್ಟು ಅಂತ ಅದರ ಅರ್ಥ ಅಲ್ಲ. ಜನರ ನಡುವೆ ಬಿಪಿಯಲ್ಲಿ ಕಾಣುವ ವ್ಯತ್ಯಾಸದಲ್ಲಿ ಜೀನ್‌ಗಳ ಪಾಲು ಅಷ್ಟು ಅಂತ. ಈ ಅಂಕೆ ನೋಡಿ ಸುಮ್ನೆ ಹೆದರಬೇಡಿ.

ಒಂದೇ ಜೀನ್‌ನಿಂದ ಬಿಪಿ ಬರುವುದೂ ಉಂಟು, ಆದರೆ ತೀರಾ ಅಪರೂಪ. 1963ರಲ್ಲಿ ಗ್ರಾಂಟ್ ಲಿಡಲ್ ಅನ್ನುವ ವೈದ್ಯರು ಅಂಥ ಒಂದು ಕುಟುಂಬದ ಬಗ್ಗೆ ಬರೆದರು. ಎಳೆ ವಯಸ್ಸಿನಲ್ಲೇ ಬಿಪಿ, ರಕ್ತದಲ್ಲಿ ಪೊಟ್ಯಾಸಿಯಂ ಕಡಿಮೆ. ಕಿಡ್ನಿಯ ಸಣ್ಣ ನಾಳಗಳಲ್ಲಿ ಸೋಡಿಯಂ (ಉಪ್ಪಿನ ಅಂಶ) ಒಳಗೆ ಬರಲು ಬಾಗಿಲುಗಳಿರುತ್ತವೆ. ಕೆಲಸ ಮುಗಿದ ಮೇಲೆ ದೇಹ ಅವನ್ನು ಕಿತ್ತು ಹಾಕಬೇಕು. ಇವರಲ್ಲಿ ಅವು ಹಾಗೇ ಉಳಿದುಬಿಡುತ್ತವೆ. ಮೂತ್ರದಲ್ಲಿ ಹೋಗಬೇಕಾದ ಉಪ್ಪು ರಕ್ತಕ್ಕೆ ವಾಪಸ್ ಬರುತ್ತದೆ, ಅದರ ಹಿಂದೆ ನೀರೂ ಬರುತ್ತದೆ. ಲಿಡಲ್ ಮೊದಲು ನೋಡಿದ ಆ ರೋಗಿಗೆ ಎಷ್ಟೋ ವರ್ಷದ ಮೇಲೆ ಬೇರೆಯವರ ಕಿಡ್ನಿ ಹಾಕಿದರು. ತೊಂದರೆ ಹೋಯಿತು! ಇದನ್ನು ಓದಿದಾಗ ನನಗೆ ಮೈ ಜುಮ್ಮೆಂದಿತ್ತು.

ಹಾಗಾಗಿ ಜೀನ್ ಟೆಸ್ಟ್ ಯಾರಿಗೆ ಬೇಕು ಅಂದರೆ, ಚಿಕ್ಕ ವಯಸ್ಸಿಗೇ ಬಿಪಿ ತುಂಬಾ ಏರಿ, ಪೊಟ್ಯಾಸಿಯಂ ಕಡಿಮೆ ಇದ್ದು, ಮಾತ್ರೆಗಳಿಗೆ ಬಗ್ಗದಿದ್ದವರಿಗೆ. ಅದನ್ನೂ ಡಾಕ್ಟರೇ ಹೇಳಬೇಕು. ನಿಮ್ಮ ವಿಷಯದಲ್ಲಿ ಟೆಸ್ಟ್ ಹೇಳುವುದನ್ನು ಅಪ್ಪ-ಅಮ್ಮನ ಮಾತ್ರೆ ಡಬ್ಬಿ ಆಗಲೇ ಹೇಳಿದೆ ಅಲ್ವಾ?

ಬ್ರಿಟನ್ನಿನ ಜನರ ಆರೋಗ್ಯ, ಡಿಎನ್‌ಎ ಮಾಹಿತಿ ಕೂಡಿಟ್ಟ ಯುಕೆ ಬಯೋಬ್ಯಾಂಕ್‌ನ ಲಕ್ಷಾಂತರ ಜನರಲ್ಲಿ ಕಂಡ ಇನ್ನೊಂದು ವಿಷಯ ಹೇಳಲೇಬೇಕು. ಜೀನ್ ಲೆಕ್ಕದಲ್ಲಿ ಅಪಾಯ ಜಾಸ್ತಿ ಇದ್ದವರಲ್ಲೂ ತೂಕ, ಊಟ, ಓಡಾಟ ಸರಿಯಾಗಿದ್ದವರ ಬಿಪಿಯ ಮೇಲಿನ ಅಂಕೆ ಹಾಗಿಲ್ಲದವರಿಗಿಂತ ಸುಮಾರು 4 ಮಿಲಿಮೀಟರ್ ಕಡಿಮೆ ಇತ್ತು. ಚಿಕ್ಕದು ಅನ್ನಿಸಬಹುದು, ಆದರೆ ಹಲವು ಜೀನ್‌ಗಳು ಸೇರಿ ಏರಿಸುವಷ್ಟು ಅದು. ಉಪ್ಪು ದಿನಕ್ಕೆ 5 ಗ್ರಾಂ ದಾಟಬಾರದು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ.

ಆ ಟೆಸ್ಟಿನ ದುಡ್ಡಿಗೆ ತೋಳಿಗೆ ಸುತ್ತುವ ಬಿಪಿ ಮೆಷಿನ್ ತಗೊಳ್ಳಿ. ಐದು ನಿಮಿಷ ಬೆನ್ನು ಒರಗಿಸಿ ಕೂತು, ಪಾದ ನೆಲಕ್ಕೆ ಊರಿ, ತೋಳು ಎದೆಯ ಮಟ್ಟಕ್ಕೆ ಇಟ್ಟು, ಮಾತಾಡದೆ ನೋಡಿ. ಒಂದು ನಿಮಿಷ ಬಿಟ್ಟು ಇನ್ನೊಂದು ಸಲ. ಒಂದು ವಾರದ ಸರಾಸರಿ 135/85 ದಾಟಿದರೆ ಡಾಕ್ಟರ ಹತ್ತಿರ ಹೋಗಿ. ಅಕ್ಕನಿಗೆ ತಲೆನೋವು, ಸುಸ್ತು ಏನೂ ಇರಲಿಲ್ಲ. ಅಪ್ಪನಿಗೆ ನೋಡುತ್ತಿದ್ದಾಗ ಸುಮ್ನೆ ಅವಳ ತೋಳಿಗೂ ಪಟ್ಟಿ ಸುತ್ತಿದ್ದಕ್ಕೆ ಗೊತ್ತಾಗಿದ್ದು. ನಿಮಗೆ ಒಡಹುಟ್ಟಿದವರಿದ್ದರೆ ಅವರನ್ನೂ ಕೂರಿಸಿ ನೋಡಿ.