ಸ್ವಿಚ್ ಹ್ಯಾಂಡ್‌ಬ್ರೇಕ್ ಇರುವ ಕಾರಿಗೆ ಹಿಂದಿನ ಬ್ರೇಕ್ ಪ್ಯಾಡ್ ಬದಲಿಸುವುದು ಹೇಗೆ?

ಪ್ರಶ್ನೆ: ನಮ್ಮದು ಐದು ವರ್ಷದ ಕಾರು, 58,000 ಕಿ.ಮೀ. ಓಡಿದೆ. ಕೈಯಲ್ಲಿ ಎಳೆಯುವ ಹ್ಯಾಂಡ್‌ಬ್ರೇಕ್ ಇಲ್ಲ, ಸ್ವಿಚ್ ಇದೆ. ಮಳೆಗಾಲ ಮುಗಿದಾಗಿನಿಂದ ಬ್ರೇಕ್ ಹಾಕಿದರೆ ಹಿಂದಿನ ಎಡ ಚಕ್ರದಲ್ಲಿ ಕಿರ್ರೆಂದು ಸದ್ದು ಬರುತ್ತಿದೆ. ನಮ್ಮ ಮನೆಯ ಗಾಡಿಗಳನ್ನೆಲ್ಲ ಹದಿನೈದು ವರ್ಷದಿಂದ ನೋಡುತ್ತಿರುವ ಮೆಕ್ಯಾನಿಕ್ ಚಕ್ರ ಬಿಚ್ಚಿ, ಪ್ಯಾಡ್ ಮುಗಿದಿದೆ ಎಂದರು. ಆದರೆ ಏನು ಮಾಡಿದರೂ ಪಿಸ್ಟನ್ ಒಳಗೆ ಹೋಗಲಿಲ್ಲ. ‘ಮೋಟರ್‌ಗೆ ನೇರ ಬ್ಯಾಟರಿ ವೈರ್ ಕೊಟ್ಟು ತಿರುಗಿಸೋಣ’ ಎನ್ನುತ್ತಿದ್ದಾರೆ. ಒಪ್ಪಬಹುದೇ?
- ಶಿರಸಿಯ ಓದುಗರು

ಉತ್ತರ: ಬೇಡ, ಒಪ್ಪಬೇಡಿ. ಹಾಗೆಂದು ನಿಮ್ಮ ಮೆಕ್ಯಾನಿಕ್‌ಗೆ ಕೆಲಸ ಬರುವುದಿಲ್ಲ ಎಂದೂ ತಿಳಿಯಬೇಡಿ. ಅವರ ಕೈ ಪಳಗಿದ್ದು ಕೇಬಲ್ ಹ್ಯಾಂಡ್‌ಬ್ರೇಕಿನ ಮೇಲೆ. ಅಂಥ ಡಿಸ್ಕ್ ಬ್ರೇಕಿನಲ್ಲಿ ಹಿಂದಿನ ಪಿಸ್ಟನ್ನನ್ನು ತಿರುಗಿಸುತ್ತಾ ಒಳಗೆ ಕಳಿಸುತ್ತಾರೆ. ನಿಮ್ಮ ಕಾರಿನ ಕ್ಯಾಲಿಪರ್, ಅಂದರೆ ಪಿಸ್ಟನ್ ಕೂತಿರುವ, ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಹಿಡಿಕೆಯ ಒಳಗಿನ ಏರ್ಪಾಡೇ ಬೇರೆ.

ಕ್ಯಾಲಿಪರ್ ಬೆನ್ನಿಗೆ ಅಂಟಿಕೊಂಡ ಕಪ್ಪು ಪ್ಲಾಸ್ಟಿಕ್ ಡಬ್ಬಿಯನ್ನು ನೋಡಿರುತ್ತೀರಿ. ಅದರೊಳಗೆ 12 ವೋಲ್ಟಿನ ಪುಟ್ಟ ಮೋಟರ್ ಮತ್ತು ಹಲ್ಲುಚಕ್ರಗಳಿವೆ. ಅವು ಒಂದು ಸ್ಕ್ರೂ ತಿರುಗಿಸುತ್ತವೆ. ಸ್ಕ್ರೂ ಮೇಲಿನ ನಟ್ಟು ಟೊಳ್ಳು ಪಿಸ್ಟನ್ನಿನ ಒಳಗೇ ಮುಂದೆ ಸರಿದು ಅದನ್ನು ಪ್ಯಾಡಿಗೆ ಒತ್ತುತ್ತದೆ. ಕರೆಂಟ್ ನಿಂತರೂ ಹಿಡಿತ ಸಡಿಲವಾಗುವುದಿಲ್ಲ, ಏಕೆಂದರೆ ಈ ಸ್ಕ್ರೂ ಹಿಂದಿನಿಂದ ತಳ್ಳಿದರೆ ತಿರುಗುವಂಥದ್ದಲ್ಲ. ಘಾಟಿಯಲ್ಲಿ ಗಾಡಿ ನಿಲ್ಲಿಸಿ ಹೋದರೂ ನಿಶ್ಚಿಂತೆಯಾಗಿರಬಹುದು ಎನ್ನುವುದು ಇದೇ ಗುಣದಿಂದ. ಕ್ಲ್ಯಾಂಪ್ ಹಾಕಿ ಎಷ್ಟು ಒತ್ತಿದರೂ ಪಿಸ್ಟನ್ ಕದಲದೇ ಇದ್ದದ್ದೂ ಇದರಿಂದಲೇ: ನಟ್ಟು ಅಡ್ಡ ನಿಂತಿದೆ.

‘ಸ್ವಿಚ್ ಒತ್ತಿ ಬ್ರೇಕ್ ಬಿಟ್ಟೇ ಇದ್ದೆವಲ್ಲ’ ಎಂದು ನೀವು ಕೇಳಬಹುದು. ಎಡವುವುದು ಇಲ್ಲೇ. ಸ್ವಿಚ್ ಬಿಟ್ಟಾಗ ನಟ್ಟು ಪೂರ್ತಿ ಹಿಂದಕ್ಕೆ ಹೋಗುವುದಿಲ್ಲ, ಚಕ್ರ ತಿರುಗಲು ಬೇಕಾದಷ್ಟು ಮಾತ್ರ ಸರಿಯುತ್ತದೆ. ಪ್ಯಾಡ್ ಸವೆದಂತೆಲ್ಲ ಅದರ ನಿಲ್ಲುವ ಜಾಗವೂ ಮುಂದಕ್ಕೆ ಬಂದಿರುತ್ತದೆ. ಹೊಸ ಪ್ಯಾಡ್ ಹಲವು ಮಿಲಿಮೀಟರ್ ದಪ್ಪ. ಅದಕ್ಕೆ ಜಾಗವಾಗಬೇಕಾದರೆ ನಟ್ಟು ಬುಡದವರೆಗೆ ಹಿಂದೆ ಹೋಗಬೇಕು. ಹಾಗೆ ಹೋಗು ಎಂದು ಹೇಳುವುದು ಕಂಪ್ಯೂಟರಿನ ಕೆಲಸ. ಅದಕ್ಕೇ ಸರ್ವಿಸ್ ಮೋಡ್ ಇರುವುದು.

ಸ್ಟೇರಿಂಗ್ ಕೆಳಗಿನ ಓಬಿಡಿ ಸಾಕೆಟ್ಟಿಗೆ (ಕಾರಿನ ಕಂಪ್ಯೂಟರ್ ಜೊತೆ ಮಾತಾಡಲು ಇರುವ ಕಿಂಡಿ) ಸ್ಕ್ಯಾನರ್ ಚುಚ್ಚಿ, ಪಾರ್ಕಿಂಗ್ ಬ್ರೇಕ್ ವಿಭಾಗದಲ್ಲಿ ಪ್ಯಾಡ್ ಬದಲಾವಣೆಯ ಆಯ್ಕೆ ಒತ್ತಿದರೆ ಹಿಂದಿನ ಎರಡೂ ಚಕ್ರಗಳಿಂದ ಗುಂಯ್ ಎಂಬ ಸದ್ದು ಕೆಲವು ಸೆಕೆಂಡು ಕೇಳಿ ನಿಲ್ಲುತ್ತದೆ. ನಟ್ಟು ಹಿಂದೆ ಸರಿದಾಯಿತು. ಇನ್ನು ಪಿಸ್ಟನ್ನನ್ನು ನೇರವಾಗಿ, ನಿಧಾನವಾಗಿ ಒತ್ತಿ. ತಿರುಗಿಸಬೇಡಿ, ತಿರುಗಿಸಿದರೆ ಧೂಳು ತಡೆಯುವ ರಬ್ಬರ್ ಮಡಚಿಕೊಂಡು ಹರಿಯುತ್ತದೆ. ಕೆಲವು ಹೋಂಡಾ, ಮಜ್ದಾ ಕಾರುಗಳಲ್ಲಿ ಸ್ಕ್ಯಾನರ್ ಇಲ್ಲದೆಯೂ ಸ್ವಿಚ್ ಮತ್ತು ಪೆಡಲ್‌ಗಳನ್ನು ಕ್ರಮವಾಗಿ ಒತ್ತಿ ಈ ಮೋಡ್‌ಗೆ ಹೋಗಬಹುದು. ಆದರೆ ಒಂದು ಕಾರಿನ ಕ್ರಮ ಇನ್ನೊಂದಕ್ಕೆ ಒಗ್ಗುವುದಿಲ್ಲ. ನಿಮ್ಮ ಮಾಡೆಲ್ಲಿನ ವರ್ಕ್‌ಶಾಪ್ ಕೈಪಿಡಿ ಹೇಳಿದ್ದನ್ನಷ್ಟೇ ನಂಬಿ.

ನೇರ ಬ್ಯಾಟರಿ ಕೊಟ್ಟರೆ ಏನಾಗುತ್ತದೆ? ಮೋಟರ್ ತಿರುಗುತ್ತದೆ, ನಿಜ. ಆದರೆ ಎಲ್ಲಿ ನಿಲ್ಲಬೇಕೆಂದು ಹೇಳುವವರು ಯಾರೂ ಇಲ್ಲ. ನಟ್ಟು ತುದಿ ಮುಟ್ಟಿಯೂ ತಿರುಗಿ ಕಚ್ಚಿಕೊಳ್ಳಬಹುದು, ಇಲ್ಲವೇ ಹಲ್ಲುಚಕ್ರ ಮುರಿಯಬಹುದು. ವೈರ್ ಅದಲುಬದಲಾದರೆ ಪಿಸ್ಟನ್ ಹೊರಗೇ ಬರಬಹುದು. ನನ್ನ ಬಳಿ ಹೀಗೇ ‘ತಿರುಗಿಸಿದ’ ಒಂದು ಗಾಡಿ ಬಂದಿತ್ತು. ಬಿಚ್ಚಿ ನೋಡಿದರೆ ನಟ್ಟು ಬುಡಕ್ಕೆ ಕಚ್ಚಿಕೊಂಡು ಕೂತಿತ್ತು, ಬಿಡಿಸಲು ಆಗಲೇ ಇಲ್ಲ. ಪ್ಯಾಡ್ ಖರ್ಚಲ್ಲಿ ಮುಗಿಯಬೇಕಾದದ್ದು ಹೊಸ ಕ್ಯಾಲಿಪರ್‌ವರೆಗೆ ಹೋಯಿತು. ಅಷ್ಟು ದುಡ್ಡು ಸುಮ್ಮನೆ ಹೋದದ್ದು ನನಗೂ ಸಂಕಟವಾಯಿತು.

ನಿಮ್ಮ ಮೆಕ್ಯಾನಿಕ್ ಬಳಿ ಸ್ಕ್ಯಾನರ್ ಇಲ್ಲದಿದ್ದರೆ, ಇರುವವರನ್ನು ಅರ್ಧ ದಿನಕ್ಕೆ ಕರೆಸಿ. ಉಳಿದ ಕೆಲಸ ನಿಮ್ಮ ಮೆಕ್ಯಾನಿಕ್ಕೇ ಮಾಡಬಲ್ಲರು. ಅವರಿಗೆ ಇಷ್ಟು ಹೇಳಿ.

ಸರ್ವಿಸ್ ಮೋಡ್‌ನಲ್ಲಿ ಹ್ಯಾಂಡ್‌ಬ್ರೇಕ್ ಇಲ್ಲವೇ ಇಲ್ಲ. ಹಾಗಾಗಿ ಸಮತಟ್ಟು ನೆಲದಲ್ಲಿ ನಿಲ್ಲಿಸಿ, ಮುಂದಿನ ಚಕ್ರಗಳಿಗೆ ಹಿಂದೆ ಮುಂದೆ ಎರಡೂ ಕಡೆ ಕಲ್ಲು ಕೊಟ್ಟ ಮೇಲೆಯೇ ಜಾಕ್ ಹಾಕಬೇಕು, ಕೆಳಗೆ ಸ್ಟ್ಯಾಂಡ್ ಇರಲೇಬೇಕು. ಕೆಲಸದ ನಡುವೆ ಯಾರೂ ಆ ಸ್ವಿಚ್ ಮುಟ್ಟಬಾರದು, ಮಕ್ಕಳು ಕಾರಿನೊಳಗೆ ಕೂರಬಾರದು. ಕ್ಯಾಲಿಪರಿನಲ್ಲಿ ಬೆರಳಿದ್ದಾಗ ಮೋಟರ್ ತಿರುಗಿದರೆ ಅದಕ್ಕೆ ಬೆರಳು, ಪ್ಯಾಡ್ ಎಂಬ ಭೇದ ತಿಳಿಯದು. ಬ್ಯಾಟರಿ ಸೋತಿದ್ದರೆ ಮೊದಲು ಚಾರ್ಜ್ ಮಾಡಿಸಿ, ಇಲ್ಲದಿದ್ದರೆ ಸ್ಕ್ಯಾನರ್ ಕೆಲಸ ನಡುವೆಯೇ ಕೈಕೊಡುತ್ತದೆ. ಪಿಸ್ಟನ್ ಒತ್ತುವಾಗ ಬ್ರೇಕ್ ಆಯಿಲ್ ಮೇಲೇರುತ್ತದೆ. ಡಬ್ಬಿ ತುಂಬಿದ್ದರೆ ಸ್ವಲ್ಪ ತೆಗೆಯಿರಿ, ಚೆಲ್ಲಿದರೆ ಪೇಂಟ್ ತಿನ್ನುತ್ತದೆ. ಬಿಚ್ಚಿದ ಕ್ಯಾಲಿಪರನ್ನು ಪೈಪಿನಲ್ಲಿ ನೇತಾಡಲು ಬಿಡದೆ ಕಂಬಿಯಿಂದ ಕಟ್ಟಿ.

ಒಂದೇ ಚಕ್ರದ್ದು ಬದಲಿಸಬೇಡಿ, ಜೋಡಿಯಾಗಿಯೇ ಹಾಕಿಸಿ. ನಿಮ್ಮದು ಎಡಗಡೆ ಮಾತ್ರ ಕೂಗುತ್ತಿರುವುದರಿಂದ ಅಲ್ಲಿ ಕ್ಯಾಲಿಪರ್ ಅತ್ತಿತ್ತ ಜಾರಲು ಇರುವ ಸ್ಲೈಡ್ ಪಿನ್‌ಗಳನ್ನು ಎಳೆದು ನೋಡಲೇಬೇಕು. ಮಲೆನಾಡಿನ ಮಳೆ, ಕೆಸರಿಗೆ ಅವು ತುಕ್ಕು ಹಿಡಿದು ಬಿಗಿಯಾದರೆ ಒಳಗಿನ ಪ್ಯಾಡ್ ಕಾಗದದಂತೆ ತೆಳುವಾಗಿ ಹೊರಗಿನದು ಅರ್ಧ ಉಳಿದಿರುತ್ತದೆ. ಉಜ್ಜಿ, ಬ್ರೇಕಿಗೆಂದೇ ಸಿಗುವ ಸಿಲಿಕೋನ್ ಗ್ರೀಸ್ ಹಚ್ಚಿ. ಪಿನ್ನನ್ನು ಹಾಗೇ ಬಿಟ್ಟರೆ ಹೊಸ ಪ್ಯಾಡಿಗೂ ಅದೇ ಗತಿ. ಡಿಸ್ಕಿನ ದಪ್ಪವನ್ನೂ ಅಳೆಯಿರಿ, ಕನಿಷ್ಠ ಎಷ್ಟಿರಬೇಕೆಂದು ಸಾಮಾನ್ಯವಾಗಿ ಡಿಸ್ಕಿನ ಮೇಲೇ ಕೊರೆದಿರುತ್ತದೆ.

ಎಲ್ಲ ಜೋಡಿಸಿ ಬೋಲ್ಟ್ ಬಿಗಿದ ಮೇಲೆ ಬ್ರೇಕ್ ಪೆಡಲ್ ಗಟ್ಟಿಯಾಗುವವರೆಗೆ ನಿಧಾನವಾಗಿ ತುಳಿಯಿರಿ, ಆಯಿಲ್ ಮಟ್ಟ ನೋಡಿ, ಸ್ಕ್ಯಾನರಿನಿಂದ ಸರ್ವಿಸ್ ಮೋಡ್ ಮುಗಿಸಿ. ಆಮೇಲೆ ಸ್ವಿಚ್ಚನ್ನು ಎರಡು ಮೂರು ಸಲ ಹಾಕಿ ತೆಗೆದು, ಮೀಟರಿನಲ್ಲಿ ದೀಪ ಆರಿದೆಯೇ ನೋಡಿ. ಕಲ್ಲುಗಳನ್ನು ತೆಗೆಯುವುದು ಇಷ್ಟೆಲ್ಲ ಆದ ಮೇಲೆ.