18 ಸಾವಿರ ಸಿಟಿಸಿ ಆಫರ್ ನಂಬ್ಕೊಂಡು ಕೊಪ್ಪಳ ಬಿಟ್ಟು ಬೆಂಗಳೂರಿಗೆ ಹೋಗ್ಲೋ ಬ್ಯಾಡೋ?

ಡಿಗ್ರಿ ಮುಗಿದೈತಿ, ಬೆಂಗಳೂರಿಂದ ತಿಂಗಳಿಗೆ 18 ಸಾವಿರ ಸಿಟಿಸಿ (ಅಂದ್ರ ಕಂಪನಿ ನಿಮ್ಮ ಮ್ಯಾಲ ಮಾಡೋ ಒಟ್ಟು ಖರ್ಚು, ಕೈಗೆ ಬರೋ ಸಂಬಳ ಅಲ್ಲ) ಆಫರ್ ಬಂದೈತಿ, ಹೋಗ್ಲೋ ಕೊಪ್ಪಳದಾಗ ಇರ್ಲೋ ಅಂತ ಕೇಳೀರಿ. ನಾನು ಬಳ್ಳಾರಿ ಹತ್ರ ತೋರಣಗಲ್ ಕಡೆ ಒಬ್ಬ ಕಾಂಟ್ರಾಕ್ಟರ್ ಹತ್ರ ಹುಡುಗ್ರನ್ನ ಕೆಲಸಕ್ಕ ತಗೊಳ್ಳೋದು ನೋಡ್ಕೊಂತೀನಿ, ಅದಕ್ಕ ಮೊದಲು ಎರಡು ವರ್ಷ ನಾನೂ ಬಯೋಡೇಟಾ ಹಿಡ್ಕೊಂಡು ಅಲೆದಾಡೀನಿ.

ಮೊದಲು ಲೆಕ್ಕ ಹಾಕ್ರಿ. ಬೇಸಿಕ್ (ಮೂಲ ಸಂಬಳ) 12,000 ಇಟ್ಟಾರ ಅಂದ್ರ ನಿಮ್ಮ ಪಿಎಫ್ (ಭವಿಷ್ಯ ನಿಧಿ) 12% ಅಂದ್ರ 1,440 ಕಟ್ ಆಗತೈತಿ, ಕಂಪನಿ ಕಟ್ಟೋ 1,440ನೂ ಭಾಳ ಕಡೆ ಅದೇ 18 ಸಾವಿರದೊಳಗ ಸೇರಿಸಿರ್ತಾರ, ಸಂಬಳ 21 ಸಾವಿರದೊಳಗ ಇರೋದ್ರಿಂದ ಇಎಸ್‌ಐ (ನೌಕರರ ವಿಮೆ) ದುಡ್ಡೂ ಹೋಗತೈತಿ, ಎಲ್ಲಾ ಹೋಗಿ ಕೈಗೆ 14,500 ಆಸುಪಾಸು ಬರತೈತಿ. ಪಿಎಫ್ ನಿಮ್ದೇ ದುಡ್ಡು, ಎಲ್ಲೂ ಹೋಗಂಗಿಲ್ಲ, ಆದ್ರ ಈ ತಿಂಗಳ ಬಾಡಿಗಿಗೆ ಅದು ಒದಗಂಗಿಲ್ಲಲ್ರಿ.

ಅದಕ್ಕಿಂತ ದೊಡ್ಡದು ಮೊದಲನೇ ಸಂಬಳದ ತನಕ ಹೆಂಗ ಇರ್ತೀರಿ ಅನ್ನೋದು. ಪಿಜಿ 8 ಸಾವಿರ ಹಿಡೀರಿ, ಅಡ್ವಾನ್ಸ್ ಮತ್ತೊಂದು 8, 3ನೇ ತಾರೀಕಿಗೆ ಸೇರಿದ್ರ ಸಂಬಳ ಮುಂದಿನ ತಿಂಗಳು 10ಕ್ಕ ಬಂದ್ರ ನಡುವ ಇನ್ನೊಂದು ತಿಂಗಳ ಬಾಡಿಗಿ, ಮ್ಯಾಲ ಬಸ್ಸು, ಮಧ್ಯಾಹ್ನದ ಊಟ. 28-30 ಸಾವಿರ ಕೈಯಾಗ ಇರಬೇಕು. ಅಂದ್ರ ಎರಡು ತಿಂಗಳ ಸಂಬಳ ಮೊದಲೇ ಖರ್ಚು ಮಾಡಿ ಕೆಲಸಕ್ಕ ಸೇರ್ದಂಗ. ಇದನ್ನ ಇಂಟರ್ವ್ಯೂದಾಗ ಯಾರೂ ಹೇಳಂಗಿಲ್ಲ.

ನಮ್ಮಲ್ಲೂ ಇದೇ ಆತು. ಹೋದ ವರ್ಷ 14 ಮಂದಿ ಸೆಲೆಕ್ಟ್ ಮಾಡಿದ್ವಿ, 9 ಮಂದಿ ಬಂದ್ರು, ತಿಂಗಳೊಳಗ 4 ಮಂದಿ ಬಿಟ್ರು. ಈಗಿನ ಹುಡುಗ್ರಿಗೆ ದುಡಿಯೋ ಮನಸಿಲ್ಲ ಅಂದ್ರು ನಮ್ಮ ಸಾಹುಕಾರ್ರು. ನಂಗ ಸಮಾಧಾನ ಆಗ್ಲಿಲ್ಲ, ಒಬ್ಬೊಬ್ರಿಗೂ ಫೋನ್ ಮಾಡಿದೆ. ಒಬ್ಬ ಬಳ್ಳಾರಿಯಿಂದ ದಿನಾ ಬೈಕಿನ್ಯಾಗ ಬರ್ತಿದ್ದ, ಹೋಗಿ ಬರಾಕ 60 ಕಿಲೋಮೀಟರ್, ಪೆಟ್ರೋಲ್ ಲೀಟರಿಗೆ ನೂರರ ಮ್ಯಾಲ, ಅಂದ್ರ ದಿನಕ್ಕ 120-125 ರೂಪಾಯಿ, ತಿಂಗಳಿಗೆ 3 ಸಾವಿರ ದಾಟತೈತಿ. ಇಪ್ಪತ್ತನೇ ದಿನಕ್ಕ ಅವನ ಹತ್ರ ಪೆಟ್ರೋಲಿಗೆ ರೊಕ್ಕ ಇರ್ಲಿಲ್ಲ, ಕೇಳಾಕ ನಾಚಿಕಿ ಆತ್ರಿ ಅಂದ. ಆ ಮಾತು ಕೇಳಿ ನಂಗ ಭಾಳ ಕೆಟ್ಟ ಅನಿಸ್ತು, ಯಾಕಂದ್ರ ನಾನೂ ಒಂದ್ಸಲ ಹಂಗ ಕೇಳಲಾರದ ಕೆಲಸ ಬಿಟ್ಟು ಊರಿಗೆ ಬಂದಾವ. ಆಮ್ಯಾಲ ಸಾಹುಕಾರ್ರ ಮುಂದ ಕುಂತು ಲೆಕ್ಕ ತೋರ್ಸಿ, ಹೊಸಬ್ರಿಗೆ 15 ದಿನಕ್ಕ 3,000 ಅಡ್ವಾನ್ಸ್ ಕೊಡೋದು ಶುರು ಮಾಡಿಸ್ದೆ. ಅದಾದ ಮ್ಯಾಲ ಬಿಟ್ಟು ಹೋಗೋದು ಭಾಳ ಕಮ್ಮಿ ಆತು.

ಅದಕ್ಕ ನೀವು ಎಚ್‌ಆರ್‌ಗೆ ಫೋನ್ ಹಚ್ಚಿ ಕೇಳ್ರಿ, ಕೈಗೆ ಎಷ್ಟು, ಮೊದಲ ಸಂಬಳ ಯಾವ ತಾರೀಕು, ಮೊದಲ ತಿಂಗಳು ರೂಮ್ ಕೊಡ್ತೀರೇನು, ಇಲ್ಲಾ ಅಡ್ವಾನ್ಸರ ಕೊಡ್ತೀರೇನು. ಕೇಳಿದ್ರ ಆಫರ್ ಹೋಗತೈತಿ ಅಂತ ಅಂಜಬ್ಯಾಡ್ರಿ, ನಾವು ಕೂಡ ಕೇಳಿದ್ರು ಅಂತ ಯಾರನ್ನೂ ಬ್ಯಾಡ ಅಂದಿಲ್ಲ. ರೂಮ್ ಕೊಟ್ರ ಹೋಗ್ರಿ. ಕೊಡಲಿಲ್ಲಂದ್ರ, ಮನಿ ಊಟ ಮಾಡ್ಕೊಂಡು ಕೊಪ್ಪಳದ ಹತ್ರ ಗಿಣಿಗೇರಿ ಕಡೆ ಫ್ಯಾಕ್ಟರಿಯೊಳಗ 13 ಸಾವಿರ ಸಿಕ್ಕರೂ ಕೈಯಾಗ ಜಾಸ್ತಿ ಉಳೀತೈತಿ. ಸಾಲ ಮಾಡಿ ಮಾತ್ರ ಹೋಗಬ್ಯಾಡ್ರಿ. ಇಲ್ಲೇ ಉಳಿದ್ರ 371ಜೆ ಸರ್ಟಿಫಿಕೇಟ್ (ಕಲ್ಯಾಣ ಕರ್ನಾಟಕದ ಸ್ಥಳೀಯರು ಅನ್ನೋ ಪತ್ರ) ಮಾಡಿಸಿಟ್ಕೋರಿ, ನಮ್ಮ ಭಾಗದ ಸರ್ಕಾರಿ ಗ್ರೂಪ್ ಸಿ ಹುದ್ದೆದಾಗ 80% ಸ್ಥಳೀಯರಿಗೇ ಐತಿ.

ಆಫರ್ ಲೆಟರ್‌ದಾಗ ಬೇಸಿಕ್ ಎಷ್ಟು ಬರ್ದಾರ ಅಂತ ಕೆಳಗ ಹಾಕ್ರಿ, ಕೈಗೆ ಎಷ್ಟು ಬರತೈತಿ ಅಂತ ಲೆಕ್ಕ ಮಾಡಿ ಹೇಳ್ತೀನಿ.