ಗುಳಿಗೆ ಗಂಟಲಲ್ಲಿ ಇಳಿಯಲ್ಲ, ಪುಡಿ ಮಾಡಿ ತಗೊಳ್ಳಬಹುದಾ?

ಪ್ರಶ್ನೆ: ನನಗೆ 38 ವರ್ಷ, ಊರು ಗಂಗಾವತಿ. ಖಿನ್ನತೆಗೆಂದು ಸರ್ಟ್ರಾಲಿನ್ 50 ಮಿ.ಗ್ರಾಂ. ಗುಳಿಗೆ ಶುರುವಾಗಿ ಎರಡು ತಿಂಗಳಾಯಿತು. ಚಿಕ್ಕಂದಿನಿಂದಲೂ ನನಗೆ ಗುಳಿಗೆ ನುಂಗಲು ಬರುವುದಿಲ್ಲ. ಅತ್ತೆ ಹೇಳಿದರೆಂದು ಪುಡಿ ಮಾಡಿ ಬೆಲ್ಲದ ಜೊತೆ ತಿಂದೆ. ವಿಪರೀತ ಕಹಿ, ನಾಲಿಗೆಯೂ ಜೋಮು ಹಿಡಿಯಿತು. ಈಗ ಒಂದು ದಿನ ತಗೊಂಡರೆ ಎರಡು ದಿನ ಬಿಡುತ್ತೇನೆ, ತಲೆ ಸುತ್ತುತ್ತದೆ. ಪಕ್ಕದ ಮನೆಯಾಕೆ ತನ್ನ ವೆನ್ಲಾಫ್ಯಾಕ್ಸಿನ್ ಕ್ಯಾಪ್ಸೂಲ್ ಬಿಚ್ಚಿ, ಒಳಗಿನ ಕಾಳು ಅರೆದು ಹಾಲಿಗೆ ಹಾಕಿಕೊಳ್ಳುತ್ತಾರೆ. ನಾನೂ ಅದಕ್ಕೆ ಬದಲಾಯಿಸಲಾ? ಇದನ್ನೆಲ್ಲ ಡಾಕ್ಟರ ಮುಂದೆ ಹೇಳಲು ನಾಚಿಕೆ.

ಮನೋವೈದ್ಯರ ಉತ್ತರ: ಮೊದಲು ಪಕ್ಕದ ಮನೆಯವರ ವಿಷಯ. ಅವರಿಗೆ ಇವತ್ತೇ ಹೇಳಿ, ಆ ಕಾಳು ಅರೆಯಬೇಡಿ ಅಂತ. ಔಷಧಿ ಇಡೀ ದಿನ ನಿಧಾನವಾಗಿ ಬಿಡುಗಡೆಯಾಗಲಿ ಎಂದೇ ಆ ಕಾಳು ಮಾಡಿರುತ್ತಾರೆ. ಅರೆದರೆ ದಿನದ ಔಷಧಿ ಒಮ್ಮೆಲೇ ಮೈಗೆ ಸೇರುತ್ತದೆ. ಹೆಸರಿನ ಮುಂದೆ ಎಸ್‌ಆರ್, ಇಆರ್, ಎಕ್ಸ್‌ಎಲ್, ಸಿಆರ್ ಎಂದಿದ್ದರೆ ಒರಳು-ಕುಟ್ಟಾಣಿ ದೂರ ಇಡಿ. ಖಿನ್ನತೆಗೇ ಕೊಡುವ ಬ್ಯುಪ್ರೊಪಿಯಾನ್ ಅನ್ನು ಹೀಗೆ ಪುಡಿ ಮಾಡಿದರೆ ಫಿಟ್ಸ್ ಬರುವ ಅಪಾಯವೂ ಇದೆ. ಡ್ಯುಲಾಕ್ಸೆಟಿನ್ ಕಾಳಿನ ಹೊದಿಕೆ ಇನ್ನೊಂದು ಕಾರಣಕ್ಕೆ, ಹೊಟ್ಟೆಯ ಆಮ್ಲ ಅದನ್ನು ಕೆಡಿಸದಿರಲಿ ಅಂತ. ಅದನ್ನೂ ಅರೆಯಬಾರದು.

ನಿಮ್ಮ ಸರ್ಟ್ರಾಲಿನ್ ಆ ಜಾತಿಯದಲ್ಲ. ಪುಡಿ ಮಾಡಿದ್ದಕ್ಕೆ ಗಾಬರಿ ಬೇಡ. ಬಾಯಿ ಜೋಮು ಹಿಡಿಸುವುದು ಅದರ ಗುಣ, ಸ್ವಲ್ಪ ಹೊತ್ತಿಗೆ ಹೋಗುತ್ತದೆ. ಅಲ್ಲಿಯವರೆಗೆ ಬಿಸಿ ಚಹಾ ಕುಡಿಯಬೇಡಿ, ಸುಟ್ಟಿದ್ದೂ ಗೊತ್ತಾಗುವುದಿಲ್ಲ. ಅಷ್ಟು ಕಷ್ಟ ಯಾಕೆ, ಗುಳಿಗೆಯ ನಡುವೆ ಗೆರೆ ಇದ್ದರೆ ಎರಡು ತುಂಡು ಮಾಡಿ ಒಂದೊಂದಾಗಿ ನುಂಗಿ. ಒಂದು ಚಮಚ ಮೊಸರನ್ನದ ನಡುವೆ ಇಟ್ಟರೆ ಜಾರಿ ಹೋಗುತ್ತದೆ. ನಮ್ಮವ್ವ ನನಗೆ ಬಾಳೆಹಣ್ಣಿನ ತುಂಡಿನಲ್ಲಿ ಹುದುಗಿಸಿ ಕೊಡುತ್ತಿದ್ದಳು, ಕಾಲೇಜಿಗೆ ಹೋಗುವವರೆಗೂ!

ನುಂಗುವುದಕ್ಕೂ ಒಂದು ಪಟ್ಟು ಇದೆ. ಮೊದಲು ಎರಡು ಗುಟುಕು ನೀರು ಕುಡಿದು ಬಾಯಿ ಒದ್ದೆ ಮಾಡಿಕೊಳ್ಳಿ. ಖಿನ್ನತೆಯ ಎಷ್ಟೋ ಗುಳಿಗೆಗಳು ಬಾಯಿ ಒಣಗಿಸುತ್ತವೆ, ಮೇಲೆ ನಮ್ಮ ಕಡೆಯ 40 ಡಿಗ್ರಿ ಬಿಸಿಲು ಬೇರೆ. ಆಮೇಲೆ ಮೆತ್ತನೆಯ ಪ್ಲಾಸ್ಟಿಕ್ ಬಾಟಲಿಗೆ ನೀರು ತುಂಬಿ, ಗುಳಿಗೆ ನಾಲಿಗೆ ಮೇಲಿಟ್ಟು, ತುಟಿಯಿಂದ ಬಾಟಲಿ ಬಾಯಿಯನ್ನು ಬಿಗಿಯಾಗಿ ಮುಚ್ಚಿ, ನೀರು ಹೀರುತ್ತಾ ನುಂಗಿ. ಕ್ಯಾಪ್ಸೂಲ್ ಆದರೆ ಉಲ್ಟಾ. ಅದು ನೀರಲ್ಲಿ ತೇಲುತ್ತದೆ. ತಲೆ ಹಿಂದಕ್ಕೆ ಎತ್ತಿದರೆ ಹಲ್ಲಿನ ಕಡೆಗೇ ಬಂದುಬಿಡುತ್ತದೆ. ಗದ್ದ ಎದೆಯ ಕಡೆ ಬಗ್ಗಿಸಿ ನುಂಗಬೇಕು. ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ 151 ಜನರ ಮೇಲೆ ಈ ಎರಡನ್ನೂ ಪರೀಕ್ಷಿಸಿ 2014ರಲ್ಲಿ ಪ್ರಕಟಿಸಿದರು. ಬಗ್ಗಿ ನುಂಗುವುದು ಹತ್ತರಲ್ಲಿ ಸುಮಾರು ಒಂಬತ್ತು ಜನರಿಗೆ ಸುಲಭವಾಯಿತು, ಬಾಟಲಿ ಪಟ್ಟು ಆರು ಜನರಿಗೆ. ಕೂತೇ ನುಂಗಿ, ತಕ್ಷಣ ಮಲಗಬೇಡಿ.

ನನಗೆ ಜಾಸ್ತಿ ಚಿಂತೆ ಇರುವುದು ಬಿಟ್ಟು ಬಿಟ್ಟು ತಗೊಳ್ಳುವುದರ ಬಗ್ಗೆ. ಸರ್ಟ್ರಾಲಿನ್ ಮೈಯಲ್ಲಿ ಸುಮಾರು ಒಂದು ದಿನಕ್ಕೆ ಅರ್ಧಕ್ಕಿಳಿಯುತ್ತದೆ. ಎರಡು ದಿನ ಬಿಟ್ಟರೆ ತಲೆಸುತ್ತು, ಸಿಡುಕು, ತಲೆಯೊಳಗೆ ಕರೆಂಟ್ ಹೊಡೆದಂತೆ ಆಗುವುದು, ಎಲ್ಲ ಬರಬಹುದು. ಗುಣ ಕಾಣಲು ವಾರಗಟ್ಟಲೆ ದಿನವೂ ಬೀಳಬೇಕಾದ ಔಷಧಿ ಇದು. ನೀವು ಹೇಳದಿದ್ದರೆ ನಿಮ್ಮ ಡಾಕ್ಟರು ಗುಳಿಗೆ ಕೆಲಸ ಮಾಡುತ್ತಿಲ್ಲ ಎಂದುಕೊಂಡು ಡೋಸ್ ಏರಿಸಿಬಿಡಬಹುದು, ಅಲ್ವಾ?

ನಾಚಿಕೆ ಯಾಕೆ? ಮನಸ್ಸಿನ ಕಾಯಿಲೆಗೆ ಮನೆ ಹತ್ತಿರದ ಆರೋಗ್ಯ ಕೇಂದ್ರದಲ್ಲೇ ಔಷಧಿ ಸಿಗಲಿ ಎಂದು ನಿಮ್ಹಾನ್ಸ್ ಜಿಲ್ಲಾ ಮಟ್ಟದ ಪ್ರಯೋಗ ಶುರು ಮಾಡಿದ್ದು 1985ರಲ್ಲಿ, ನಿಮ್ಮ ಪಕ್ಕದ ಬಳ್ಳಾರಿ ಜಿಲ್ಲೆಯಲ್ಲೇ. 1996ರಲ್ಲಿ ಅದೇ ಮಾದರಿ ರಾಷ್ಟ್ರೀಯ ಕಾರ್ಯಕ್ರಮವಾಯಿತು. ಆಸ್ಪತ್ರೆಗೆ ಹೋಗುವವರೆಗೆ ಮಾತಾಡಬೇಕೆನಿಸಿದರೆ 14416ಕ್ಕೆ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ, ಫೋನ್ ಮಾಡಿ. ಹಣ ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.

ಇಷ್ಟೆಲ್ಲ ಮಾಡಿದರೂ ಇಳಿಯದಿದ್ದರೆ ಡಾಕ್ಟರು ಔಷಧಿಯನ್ನೇ ಬದಲಾಯಿಸಬಹುದು. ಫ್ಲುಯಾಕ್ಸೆಟಿನ್ ಸಿರಪ್ ರೂಪದಲ್ಲೂ ಇದೆ. ಮಿರ್ಟಾಜಪಿನ್‌ನಲ್ಲಿ ನಾಲಿಗೆ ಮೇಲೆ ಕರಗುವ ಗುಳಿಗೆ ಇದೆ. ಇವು ಬೇರೆ ಔಷಧಿಗಳು, ಡೋಸೂ ಬೇರೆ. ಮೆಡಿಕಲ್ ಶಾಪಿನಲ್ಲಿ ಸುಮ್ನೆ ಕೇಳಿ ಅದಲುಬದಲು ಮಾಡಿಕೊಳ್ಳಬೇಡಿ.

ಒಂದು ಮಾತು ನಿಮ್ಮ ಪತ್ರದಲ್ಲಿ ಇಲ್ಲ. ರೊಟ್ಟಿ, ಅನ್ನ ಕೂಡ ಸಿಕ್ಕಿಕೊಳ್ಳುತ್ತದಾ? ನೀರು ಕುಡಿದರೆ ಕೆಮ್ಮು ಬರುತ್ತದಾ? ತೂಕ ಇಳಿದಿದೆಯಾ? ಗುಳಿಗೆ ಮಾತ್ರ ಸಿಕ್ಕಿಕೊಂಡರೆ ಅದು ಹೆಚ್ಚಾಗಿ ಭಯದಿಂದ ಗಂಟಲು ಬಿಗಿಯುವುದು. ಊಟವೂ ಸಿಕ್ಕಿಕೊಂಡರೆ ಇಎನ್‌ಟಿ ಡಾಕ್ಟರಿಗೆ ತೋರಿಸಿ, ರಕ್ತ ಕಮ್ಮಿಯಾದರೂ ಕೆಲವರಿಗೆ ಹೀಗಾಗುತ್ತದೆ, ಅದನ್ನೂ ಪರೀಕ್ಷೆ ಮಾಡಿಸಿ.